ಅಪ್ಪ ಕ್ಯೂಆರ್ ಸ್ಟ್ಯಾಂಡ್ ತೆಗೆದಿಟ್ಟಿದ್ದಾರೆ. ಮತ್ತೆ ಹಾಕಿಸೋದಾ, ಬೇಡ್ವಾ?

ದಿಲ್‌ಪಸಂದ್ (ಚರ್ಚೆ ಶುರು ಮಾಡಿದವರು)
ನಮ್ಮಪ್ಪನದು ಬೆಂಗಳೂರಿನಲ್ಲಿ ಬೇಕರಿ ಕಮ್ ಕಾಂಡಿಮೆಂಟ್ಸ್. ಊರು ಹಾಸನದ ಕಡೆ. 26 ವರ್ಷದಿಂದ ಅದೇ ಅಂಗಡಿ, ಅದೇ ಗಾಜಿನ ಕಪಾಟು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆಲ್ಲ ಜಿಎಸ್‌ಟಿ ನೋಟಿಸ್ ಬಂತಲ್ಲ, ನೆನಪಿದೆ ತಾನೇ? ನಮಗೆ ಬಂದಿರಲಿಲ್ಲ. ಪಕ್ಕದ ಬೀದಿಯವರಿಗೆ ಬಂದಿತ್ತು. ಅಷ್ಟೇ ಸಾಕಾಯ್ತು. ಅಪ್ಪ ಕ್ಯೂಆರ್ ಸ್ಟ್ಯಾಂಡ್ ತೆಗೆದು ಗಲ್ಲಾದ ಕೆಳಗೆ, ಹಳೇ ಬಿಲ್ ಪುಸ್ತಕಗಳ ಜೊತೆ ಇಟ್ಟುಬಿಟ್ಟರು. ದುಡ್ಡು ಬಂತು ಅಂತ ಕೂಗುವ ಡಬ್ಬಿಯನ್ನೂ ಆಫ್ ಮಾಡಿದರು. ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂಭಾಗದಲ್ಲಿ ಮಾರ್ಕರ್‌ನಲ್ಲಿ ಬರೆದು ಅಂಟಿಸಿದರು: "ಫೋನ್‌ಪೇ ಗೂಗಲ್‌ಪೇ ಇಲ್ಲ. ಚಿಲ್ಲರೆ ಕೊಟ್ಟು ಸಹಕರಿಸಿ."

ಆ ಗಲಾಟೆ ತಣ್ಣಗಾಯ್ತು. ಸುತ್ತಮುತ್ತಲಿನವರೆಲ್ಲ ಮತ್ತೆ ಹಾಕಿಕೊಂಡರು. ಅಪ್ಪ ಮಾತ್ರ ಹಾಕಿಲ್ಲ. ಕಾಲೇಜು ಹುಡುಗರು ಬರುತ್ತಾರೆ, ಆ ಹಾಳೆ ಓದುತ್ತಾರೆ, ವಾಪಸ್ ಹೋಗುತ್ತಾರೆ. ಸಂಜೆ ಪಫ್ಸ್ ಟ್ರೇ ಅರ್ಧ ಹಾಗೇ ಉಳಿಯುತ್ತಿದೆ.

ನಾನು ಸಾಫ್ಟ್‌ವೇರ್ ಕೆಲಸದವನು. ಯುಪಿಐ ಥರದ್ದು ಅಮೆರಿಕದಲ್ಲೂ ಇಲ್ಲ ಅಂತ ಆಫೀಸಿನಲ್ಲಿ ಭಾಷಣ ಬಿಗಿದವನೇ. ಮನೆಯಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು: "ಹಾಕ್ಕೋ ಹಾಕ್ಕೋ ಅಂತ ಹಿಂದೆ ಬಿದ್ದಿದ್ದೂ ಅವ್ರೇ, ಈಗ ಅದನ್ನೇ ತೋರಿಸಿ ಲೆಕ್ಕ ಕೇಳೋರೂ ಅವ್ರೇ. ಏನಯ್ಯಾ ಇದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?

ಮುದ್ದೆಬಸ್ಸಾರು
ಅಪ್ಪ ಸರಿಯಾಗೇ ಮಾಡಿದ್ದಾರೆ. ಕ್ಯಾಶ್ ಈಸ್ ಕಿಂಗ್. ಮುಗೀತು.

ಫಿಲ್ಟರ್ ಕಾಫಿ
ಏನು ಸರಿ? ವ್ಯಾಪಾರ ಹೋಗ್ತಿದೆ ಅಂತ ಅವರೇ ಬರೆದಿದ್ದಾರಲ್ಲ. ಲೆಕ್ಕ ಸರಿಯಿದ್ದರೆ ಭಯ ಯಾಕೆ?

ಮುದ್ದೆಬಸ್ಸಾರು
ಲೆಕ್ಕ ಸರಿಯಿದ್ದವರಿಗೇ ಭಯ ಜಾಸ್ತಿ. ಹಾವೇರಿಯ ತರಕಾರಿ ವ್ಯಾಪಾರಿಯ ಕಥೆ ಮರೆತುಬಿಟ್ಟಿರಾ? ನಾಲ್ಕು ವರ್ಷದ ಯುಪಿಐ 1.63 ಕೋಟಿ ಆಯ್ತು, 29 ಲಕ್ಷ ಕಟ್ಟು ಅಂತ ನೋಟಿಸ್. ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಎಲ್ಲ ಪೇಪರ್‌ನಲ್ಲೂ ಬಂದಿತ್ತು.

ಲೆಕ್ಕಿಗ
ನಾನು ಟ್ಯಾಕ್ಸ್ ಪ್ರಾಕ್ಟೀಸ್ ಮಾಡುವವನು, ತುಮಕೂರು. ಆ ಜುಲೈನಲ್ಲಿ ನನಗೆ ಊಟಕ್ಕೆ ಪುರುಸೊತ್ತು ಇರಲಿಲ್ಲ. ಇಲ್ಲಿ ಎರಡು ವಿಷಯ ಕಲಸಿಹೋಗುತ್ತಿದೆ, ಬಿಡಿಸಿ ಹೇಳುತ್ತೇನೆ.

ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆ ಕೊಡುವವರಿಗೆ 20 ಲಕ್ಷ. ಇದರಲ್ಲಿ ಲಾಭದ ಮಾತೇ ಇಲ್ಲ, ಬರೀ ವಹಿವಾಟು. ದಿನಕ್ಕೆ 11,000 ರೂಪಾಯಿ ವ್ಯಾಪಾರ ಅಂದರೆ ವರ್ಷಕ್ಕೆ 40 ಲಕ್ಷ ದಾಟಿತು. ಮೇನ್ ರೋಡಿನ ಕಾಂಡಿಮೆಂಟ್ಸ್‌ಗೆ 11,000 ದೊಡ್ಡ ಮೊತ್ತ ಅಲ್ಲ. ಅದರಲ್ಲೂ ಸಿಗರೇಟು, ಹಾಲು ಮಾರುವವರಿಗೆ. ವಹಿವಾಟು ಗುಡ್ಡದಷ್ಟು, ಉಳಿಯೋದು ಚಿಟಿಕೆಯಷ್ಟು.

ಬರೀ ತೆರಿಗೆ ಇಲ್ಲದ ವಸ್ತು ಮಾರಿದರೆ, ಅಂದರೆ ಹಾಲು, ತರಕಾರಿ, ಹಣ್ಣು, ಕೋಟಿ ದಾಟಿದರೂ ನೋಂದಣಿ ಬೇಕಿಲ್ಲ. ಹಾವೇರಿಯವರು ಈ ಗುಂಪು. ಆದರೆ ಹಾಲಿನ ಪಕ್ಕದಲ್ಲಿ ಒಂದು ಬಿಸ್ಕತ್ ಪೊಟ್ಟಣ ಇಟ್ಟಿರೋ, 40 ಲಕ್ಷ ಎಣಿಸುವಾಗ ಹಾಲಿನ ದುಡ್ಡೂ ಸೇರುತ್ತದೆ. ಹಾಲಿಗೆ ತೆರಿಗೆ ಹಾಕುವುದಿಲ್ಲ, ಲೆಕ್ಕಕ್ಕೆ ಮಾತ್ರ ಸೇರಿಸುತ್ತಾರೆ. ಇದನ್ನು ಒಬ್ಬ ಅಂಗಡಿಯವರಿಗೆ ಅರ್ಥ ಮಾಡಿಸಲು ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ದಿಲ್‌ಪಸಂದ್ ಅವರೇ, ಅಂಗಡಿಯಲ್ಲಿ ಟೀ ಕೊಡುತ್ತೀರಾ?

ದಿಲ್‌ಪಸಂದ್
ಕೊಡ್ತೀವಿ ಸರ್. ನಿಂತುಕೊಂಡು ಕುಡಿಯುತ್ತಾರೆ. ಟೇಬಲ್ ಕುರ್ಚಿ ಏನಿಲ್ಲ.

ಲೆಕ್ಕಿಗ
ಹಾಗಾದರೆ ಅದು ಸೇವೆ. ನಿಮ್ಮ ಮಿತಿ 20 ಲಕ್ಷ. ದಿನಕ್ಕೆ 5,500.

ದಿಲ್‌ಪಸಂದ್
😶

ಕರಾವಳಿ ಕಡ್ಲೆ
ಒಂದು ಗ್ಲಾಸ್ ಚಾಯಕ್ಕೆ 20 ಲಕ್ಷ ಕಡಿಮೆ ಆಯ್ತಲ್ಲ ಮಾರಾಯ್ರೆ! ಲೋಕದಲ್ಲೇ ದುಬಾರಿ ಚಾ.

ಹಳೇ ಟೈಪಿಸ್ಟ್
ಕೊಯಮತ್ತೂರಿನ ಹೋಟೆಲಿನವರೊಬ್ಬರು 2024ರಲ್ಲಿ ಸಭೆಯಲ್ಲೇ ಹೇಳಿದ್ದರಲ್ಲ, ಬನ್ನಿಗೆ ತೆರಿಗೆ ಇಲ್ಲ, ಒಳಗೆ ಕ್ರೀಮ್ ಹಾಕಿದರೆ 18% ಅಂತ. ಗಿರಾಕಿ ಬನ್ನು, ಕ್ರೀಮು ಬೇರೆ ಬೇರೆ ಕೊಡಿ, ನಾನೇ ಹಾಕಿಕೊಳ್ತೀನಿ ಅಂತಾನಂತೆ. ನಕ್ಕು ನಕ್ಕು ಸಾಕಾಗಿತ್ತು.

ಲೆಕ್ಕಿಗ
2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತು, ಖಾರದ ತಿಂಡಿ ಎಲ್ಲ 5%ಕ್ಕೆ ಇಳಿದಿದೆ. ಬೇಕರಿಯವರ ಮಟ್ಟಿಗೆ ಆ ತಲೆನೋವು ಕಮ್ಮಿ ಆಗಿದೆ.

ಜೇನುಗೂಡು
ನೋಟ್ ಬ್ಯಾನ್ ಮಾಡಿ ಯುಪಿಐ ತಂದರು. ಜನ ಕ್ಯೂನಲ್ಲಿ ನಿಂತು ಒದ್ದಾಡಿ ಕಲಿತರು. ಈಗ ಅದನ್ನೇ ಬಲೆ ಮಾಡಿಕೊಂಡಿದ್ದಾರೆ. ಮೊದಲೇ ಪ್ಲಾನ್ ಮಾಡಿದ್ದು ಇದು.

ಕೋಡುಬಳೆ
ಸಣ್ಣ ತಿದ್ದುಪಡಿ. ಯುಪಿಐ ಶುರುವಾಗಿದ್ದು 2016ರ ಏಪ್ರಿಲ್‌ನಲ್ಲಿ, ರಘುರಾಮ್ ರಾಜನ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗ. ನೋಟ್ ಬ್ಯಾನ್ ಅದೇ ವರ್ಷ ನವೆಂಬರ್ 8. ಭೀಮ್ ಆ್ಯಪ್ ಡಿಸೆಂಬರ್ 30. ಯುಪಿಐ ಕಟ್ಟಿದ ಸಂಸ್ಥೆ ಎನ್‌ಪಿಸಿಐ ಹುಟ್ಟಿದ್ದು 2008ರಲ್ಲಿ. ಅದರ ಕೆಳಗೆ ಓಡುವ, ಬ್ಯಾಂಕಿಂದ ಬ್ಯಾಂಕಿಗೆ ತಕ್ಷಣ ದುಡ್ಡು ಕಳಿಸುವ ಐಎಂಪಿಎಸ್ 2010ರದ್ದು. ಒಂದೇ ರಾತ್ರಿಯಲ್ಲಿ ಆಗಿದ್ದೇನಲ್ಲ.

ನಾನು ಪೇಮೆಂಟ್ ಕಂಪನಿಯೊಂದರಲ್ಲಿ ಕೋಡ್ ಬರೆಯುವವನು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ನೋಟ್ ಬ್ಯಾನ್‌ಗಿಂತ ದೊಡ್ಡ ತಿರುವು 2020ರ ಜನವರಿ 1. ಯುಪಿಐಗೂ ರುಪೇ ಡೆಬಿಟ್ ಕಾರ್ಡ್‌ಗೂ ಅಂಗಡಿಯವರ ಹತ್ತಿರ ಕಮಿಷನ್ ತೆಗೆದುಕೊಳ್ಳುವಂತಿಲ್ಲ ಅಂತ ಸರ್ಕಾರ ಕಾನೂನು ಮಾಡಿತು. ಕಾರ್ಡ್ ಮಷಿನ್ ಇದ್ದ ಕಾಲದಲ್ಲಿ ನೂರಕ್ಕೆ ಒಂದೋ ಎರಡೋ ರೂಪಾಯಿ ಹೋಗುತ್ತಿತ್ತು. ಯಾವ ಬೀಡಾ ಅಂಗಡಿಯವನು ಮಷಿನ್ ಇಟ್ಟಿದ್ದ ಹೇಳಿ? ಸೊನ್ನೆ ಅಂದ ಮೇಲೆ ಎಲ್ಲರೂ ಇಟ್ಟರು. ಎಳನೀರು ಗಾಡಿಗೂ ಬಂತು. ಹಿಡಿಸಿದ್ದು ಆ್ಯಪ್ ಅಲ್ಲ, ಆ ಸೊನ್ನೆ.

ಜೇನುಗೂಡು
ಒಪ್ಪಿದೆ, ತಾರೀಖು ತಪ್ಪಿತ್ತು. ಬಲೆ ಅನ್ನೋದನ್ನ ವಾಪಸ್ ತಗೊಳಲ್ಲ.

ಮಲ್ಲಿಗೆ ಮೊಳ
ನಾನು ಒಂದು ಸಂಸ್ಥೆಯಲ್ಲಿ ಬೀದಿ ವ್ಯಾಪಾರಿಗಳ ಜೊತೆ ಕೆಲಸ ಮಾಡ್ತೀನಿ. ಜೇನುಗೂಡು ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆ ಬಂತು. ಆಗ ಮೊದಲು 10,000 ಸಾಲ, ತೀರಿಸಿದರೆ 20,000, ಆಮೇಲೆ 50,000. ಜೊತೆಗೆ ಕ್ಯೂಆರ್‌ನಲ್ಲಿ ದುಡ್ಡು ತೆಗೆದುಕೊಂಡರೆ ವರ್ಷಕ್ಕೆ 1,200ರವರೆಗೆ ಕ್ಯಾಶ್‌ಬ್ಯಾಕ್. ಸರ್ಕಾರವೇ ಕೊಡುತ್ತಿದ್ದ ಕ್ಯಾಶ್‌ಬ್ಯಾಕ್! ಹೂ ಮಾರುವ ಒಬ್ಬ ಅಕ್ಕನಿಗೆ ನಾನೇ ಕೂತು ಕಲಿಸಿದ್ದೆ. ದಿನಾ ಒಂದಿಷ್ಟು ಸ್ಕ್ಯಾನ್ ಆಗಬೇಕು ಅಂತ ಅವರು ಪಕ್ಕದ ಬಾಳೆಹಣ್ಣಿನವರ ಹತ್ತಿರ ಒಂದೊಂದು ರೂಪಾಯಿ ಹಾಕಿಸಿಕೊಂಡು, ತಿರುಗಿ ಅವರಿಗೆ ಒಂದೊಂದು ಹಾಕುತ್ತಿದ್ದರು. 😄 

2025ರ ಜುಲೈನಲ್ಲಿ ಅದೇ ಅಕ್ಕ ನನಗೆ ಫೋನ್ ಮಾಡಿ, "ಆ ಒಂದೊಂದು ರೂಪಾಯಿಗೂ ಟ್ಯಾಕ್ಸ್ ಬರುತ್ತಾ ಮೇಡಂ?" ಅಂದರು. ಹೂವಿಗೆ ತೆರಿಗೆ ಇಲ್ಲಮ್ಮ, ನಿಮ್ಮ ವ್ಯಾಪಾರ ಅಷ್ಟೆಲ್ಲ ಇಲ್ಲವೇ ಇಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕ್ಯೂಆರ್ ಹಾಳೆ ಹರಿದು ಮೋರಿಗೆ ಎಸೆದಾಗಿತ್ತು.

ಫಿಲ್ಟರ್ ಕಾಫಿ
ಆದರೆ ಒಂದು ಪ್ರಶ್ನೆ. ಸಂಬಳದಾರರ ಟ್ಯಾಕ್ಸ್ ಕೈಗೆ ಬರುವ ಮುಂಚೆಯೇ ಹಿಡಿದಿರುತ್ತಾರೆ. ಕೋಟಿ ವಹಿವಾಟು ಮಾಡುವ ಅಂಗಡಿಯವರು ನೋಂದಣಿಯೂ ಇಲ್ಲದೆ ಇರಬಹುದಾ? ಕಾನೂನು ಹೊಸದಲ್ಲ, 2017ರ ಜುಲೈ 1ರಿಂದ ಇದೆ. ಮೊದಲು ಯಾರಿಗೂ ಕಾಣಿಸುತ್ತಿರಲಿಲ್ಲ, ಈಗ ಕಾಣಿಸುತ್ತಿದೆ. ಅದನ್ನು ತಂತ್ರಜ್ಞಾನದ ತಪ್ಪು ಅಂದರೆ ಹೇಗೆ?

ಮುದ್ದೆಬಸ್ಸಾರು
ನೀವು ಬೆಳಗ್ಗೆ 5ಕ್ಕೆ ಎದ್ದು ಹಾಲಿನ ಕ್ರೇಟ್ ಇಳಿಸಿ ನೋಡಿ, ಆಮೇಲೆ ಮಾತಾಡೋಣ.

ಫಿಲ್ಟರ್ ಕಾಫಿ
ಇದು ಉತ್ತರ ಅಲ್ಲ.

ಗಡಿನಾಡು
ಇಬ್ಬರೂ ಸ್ವಲ್ಪ ತಣ್ಣಗಾಗಿ. ಫಿಲ್ಟರ್ ಕಾಫಿ ಹೇಳಿದ್ದರಲ್ಲಿ ನ್ಯಾಯ ಇದೆ. ನನ್ನ ತಕರಾರು ಬೇರೆ. ತಪ್ಪು ಮಾಡಿದರೆ ಮೊದಲನೇ ವರ್ಷವೇ ಹೇಳಬೇಕಿತ್ತಲ್ವಾ? 2021-22ರಿಂದ 2024-25ರವರೆಗೆ ಸುಮ್ನೆ ನೋಡುತ್ತಾ ಕೂತು, ನಾಲ್ಕೂ ವರ್ಷದ್ದನ್ನು ಕೂಡಿಸಿ, ಬಡ್ಡಿ ದಂಡ ಸೇರಿಸಿ ಒಂದೇ ಕಾಗದ ಕಳಿಸಿದರೆ ಎಂಥವನಿಗೂ ಎದೆ ಒಡೆಯುತ್ತದೆ. ಕಂಪ್ಯೂಟರ್‌ಗೆ ನಾಲ್ಕು ವರ್ಷದ ಲೆಕ್ಕ ತೆಗೆಯಲು ಬರುತ್ತದೆ ಅಂದಮೇಲೆ, 35 ಲಕ್ಷ ಮುಟ್ಟಿದಾಗ "ಅಣ್ಣಾ, ಹತ್ತಿರ ಬಂದಿದ್ದೀಯ, ನೋಂದಣಿ ಮಾಡಿಸು" ಅಂತ ಒಂದು ಮೆಸೇಜ್ ಕಳಿಸಲೂ ಬರಬೇಕು. ಅದೂ ಕನ್ನಡದಲ್ಲಿ.

ಕರಾವಳಿ ಕಡ್ಲೆ
+1. ಕನ್ನಡದಲ್ಲಿ ಅನ್ನೋದಕ್ಕೆ ಇನ್ನೊಂದು +1.

ಅಡಿಕೆ ಗೊನೆ
ಈ ನೋಟಿಸ್ ಕಳಿಸಿದ್ದು ಕೇಂದ್ರದವರು. ರಾಜ್ಯವನ್ನು ಯಾಕೆ ಬೈಯೋದು?

ಲೆಕ್ಕಿಗ
ಅಲ್ಲ. ಕಳಿಸಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ.

ಅಡಿಕೆ ಗೊನೆ
ಕಾನೂನು ಜಿಎಸ್‌ಟಿ ಕೌನ್ಸಿಲ್‌ದು ತಾನೇ?

ಲೆಕ್ಕಿಗ
ಹೌದು, ಅದರಲ್ಲಿ ಕೇಂದ್ರ, ರಾಜ್ಯ ಎರಡೂ ಕೂತಿರುತ್ತವೆ. ಆ ವಾರ ಅವರು ಇವರ ಕಡೆ ಬೆರಳು ತೋರಿಸಿದರು, ಇವರು ಅವರ ಕಡೆ. ಅಂಗಡಿಯವರು ಹಾಲು ಮಾರುವುದಿಲ್ಲ, ಬಂದ್ ಮಾಡುತ್ತೇವೆ ಅಂದರು. ಜುಲೈ 23ರಂದು ಮುಖ್ಯಮಂತ್ರಿ ಸಭೆ ಕರೆದರು. ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಅಂದಮೇಲೆ 25ರ ಬಂದ್ ಕೈಬಿಟ್ಟರು. ಹಾಲು, ತರಕಾರಿಯವರ ಹತ್ತಿರ ಕೇಳುವುದಿಲ್ಲ ಅಂತಲೂ ಹೇಳಿದರು.

ನಿರ್ವಾಹಕ
ಕೇಂದ್ರ ರಾಜ್ಯ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಬೇಡ. ಪಕ್ಷಗಳ ಹೆಸರಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ.

ಎಂಟೆಬ್ಬೆ ರಿಟರ್ನ್
ನಾನು 2018ರಲ್ಲಿ ಉಗಾಂಡಾದ ಕಂಪಾಲಾದಲ್ಲಿ ಒಂದು ಗೋಡೌನ್ ಮ್ಯಾನೇಜರ್ ಆಗಿದ್ದೆ. ಅಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರೂ ಮೊಬೈಲ್ ಮನಿ, ಅಂದರೆ ಫೋನ್ ನಂಬರಿನಲ್ಲೇ ದುಡ್ಡು ಇಟ್ಟು ಕಳಿಸುವ ವ್ಯವಸ್ಥೆ, ಬಳಸುತ್ತಿದ್ದರು. ಬೀದಿ ಬೀದಿಗೆ ಒಂದು ಪುಟ್ಟ ಗೂಡಂಗಡಿ, ಒಳಗೆ ಒಬ್ಬ ಹುಡುಗಿ, ಒಂದು ದೊಡ್ಡ ರಿಜಿಸ್ಟರ್. ಕೂಲಿಯವರ ವಾರದ ಬಟವಾಡೆ ನಾನು ಫೋನ್‌ನಲ್ಲೇ ಮಾಡುತ್ತಿದ್ದೆ.

ಆ ವರ್ಷ ಜುಲೈ 1ರಿಂದ ಸರ್ಕಾರ ಅದರ ಮೇಲೆ 1% ತೆರಿಗೆ ಹಾಕಿತು. ಹಾಕಿದರೂ, ತೆಗೆದರೂ, ಕಳಿಸಿದರೂ. ಮಾರನೇ ವಾರವೇ ನಮ್ಮ ಲೋಡರ್‌ಗಳು ಸಾಲಾಗಿ ಬಂದು ನಿಂತರು, "ಬಾಸ್, ನಮಗೆ ಕೈಗೇ ಕೊಡಿ." ಬ್ಯಾಂಕಿಗೆ ಹೋಗಿ ಚೀಲದಲ್ಲಿ ನೋಟು ತರುವ ಕೆಲಸ ನನ್ನ ತಲೆಗೆ ಬಂತು. ಬೀದಿಯಲ್ಲಿ ಪ್ರತಿಭಟನೆ ಆಯ್ತು. ನವೆಂಬರ್ ಹೊತ್ತಿಗೆ ಅದನ್ನು 0.5%ಕ್ಕೆ ಇಳಿಸಿ, ದುಡ್ಡು ತೆಗೆಯುವಾಗ ಮಾತ್ರ ಅಂತ ಮಾಡಿದರು. ಆದರೆ ನಮ್ಮ ಲೋಡರ್‌ಗಳಲ್ಲಿ ಅರ್ಧದಷ್ಟು ಜನ ಫೋನ್‌ಗೆ ವಾಪಸ್ ಬರಲೇ ಇಲ್ಲ.

ದಿಲ್‌ಪಸಂದ್, ನಿಮ್ಮ ತಂದೆಯವರನ್ನು ನಾನು ಕಂಪಾಲಾದಲ್ಲೇ ನೋಡಿದ್ದೀನಿ ಅನ್ನಿಸ್ತು.

ಕೋಡುಬಳೆ
ಬ್ರೆಜಿಲ್‌ನಲ್ಲಂತೂ ಬರೀ ಗಾಳಿಸುದ್ದಿಯೇ ಸಾಕಾಯ್ತು. ಅವರ ಪಿಕ್ಸ್ ನಮ್ಮ ಯುಪಿಐನ ತಮ್ಮ ಇದ್ದಹಾಗೆ, 2020ರ ನವೆಂಬರ್‌ನಲ್ಲಿ ಬಂದಿದ್ದು. 2025ರ ಜನವರಿಯಲ್ಲಿ ತಿಂಗಳಿಗೆ 5,000 ರೆಯಾಲ್ (ಅಲ್ಲಿನ ಹಣ) ದಾಟಿದ ವಹಿವಾಟಿನ ಮಾಹಿತಿ ತೆರಿಗೆಯವರಿಗೆ ಹೋಗುತ್ತದೆ ಅಂತ ನಿಯಮ ಜಾರಿಗೆ ತಂದರು. ಪಿಕ್ಸ್‌ಗೇ ಟ್ಯಾಕ್ಸ್ ಹಾಕ್ತಾರಂತೆ ಅಂತ ವಿಡಿಯೋಗಳು ಹರಿದಾಡಿದವು. ಎರಡೇ ವಾರದಲ್ಲಿ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಹಳೇ ಟೈಪಿಸ್ಟ್
ನಮ್ಮಲ್ಲೂ ಅದೇ 2025ರ ಜುಲೈನಲ್ಲಿ 2,000 ದಾಟಿದ ಯುಪಿಐಗೆ ಜಿಎಸ್‌ಟಿ ಅಂತ ವಾಟ್ಸ್ಯಾಪ್ ತುಂಬಾ ಓಡಾಡಿತ್ತು. ಕೇಂದ್ರದವರು ಅಂಥದ್ದೇನೂ ಇಲ್ಲ ಅಂದರು. ನಮ್ಮ ಭಾವ ಮಾತ್ರ ಇನ್ನೂ 1,999 ಕಳಿಸಿ, ಉಳಿದದ್ದನ್ನು ಇನ್ನೊಂದು ಸಲ ಕಳಿಸುತ್ತಾರೆ.

ಬೈಲಹೊಂಗಲ ಬಸು
ಸ್ವಲ್ಪ ಹಳೇ ಮಾತು, ಬೈಬ್ಯಾಡ್ರಿ.

ಸರ್ಕಾರ ಮನಸ್ಸು ಮಾಡಿದರೆ ತಂತ್ರಜ್ಞಾನ ಹಳ್ಳಿಗೆ ಹೆಂಗ ಬರತದ ಅನ್ನೋದಕ್ಕೆ ನಮ್ಮ ಕಡೇ ಒಂದು ಕಥೆ ಅದ. 1984ರಲ್ಲಿ ಸಿ-ಡಾಟ್ ಅಂತ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಶುರು ಮಾಡಿದರು. ಅದನ್ನ ಕಟ್ಟಿದ ಸ್ಯಾಮ್ ಪಿತ್ರೋಡಾ ಅವರ ಹೆಸರು ಕೇಳಿರಬೇಕು. 36 ತಿಂಗಳು, 36 ಕೋಟಿ ರೂಪಾಯಿ, ಅಷ್ಟರಲ್ಲಿ ದೇಶದ್ದೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡ್ತೀವಿ ಅಂದರು. ಹೊರದೇಶದ ಎಕ್ಸ್‌ಚೇಂಜ್‌ಗಳಿಗೆ ಎಸಿ ಬೇಕಿತ್ತು. ನಮ್ಮ ಹಳ್ಳಿಯೊಳಗ ಕರೆಂಟ್ ಇರೋದೇ ಕಷ್ಟ, ಎಸಿ ಎಲ್ಲಿಂದ ತರೋದು? ಇವರು ಬಿಸಿಲು, ಧೂಳು ತಡೆಯೋ ಸಣ್ಣ ಎಕ್ಸ್‌ಚೇಂಜ್ ಮಾಡಿದರು. 128 ಲೈನಿನದು. ಅದರ ಮೊದಲನೇದು ಕೂತಿದ್ದು 1986ರ ಜುಲೈನಲ್ಲಿ, ನಮ್ಮ ಕಿತ್ತೂರಿನಲ್ಲಿ! ರಾಣಿ ಚೆನ್ನಮ್ಮನ ಕಿತ್ತೂರು.

ನಮ್ಮ ಕಾಕಾ ಅದಕ್ಕೂ ಮೊದಲು ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಊಟ ಮಾಡಿ, ಒಂದು ನಿದ್ದೆ ತೆಗೆದು ಎದ್ದರೂ ಲೈನ್ ಸಿಕ್ಕಿರುತ್ತಿರಲಿಲ್ಲ ಅಂತ ಹೇಳುತ್ತಿದ್ದರು. ಮುಂದೆ ಅವರೇ ಎಸ್‌ಟಿಡಿ ಬೂತ್ ಹಾಕಿದರು. ಹಳದಿ ಬೋರ್ಡ್, ಗಾಜಿನ ಗೂಡು, ಒಳಗ ಕೂತರ ಬೆವರಿನ ಸ್ನಾನ. ರಾತ್ರಿ ರೇಟ್ ಇಳಿಯೋದನ್ನ ಕಾಯ್ಕೊಂಡು ಬಾಣಂತಿ ಮನೆಯವರು, ಮಿಲಿಟ್ರಿಯವರ ಹೆಂಡಂದಿರು ಎಲ್ಲ ಕಟ್ಟೆ ಮ್ಯಾಲೆ ಕೂತಿರುತ್ತಿದ್ದರು.

ಕರಾವಳಿ ಕಡ್ಲೆ
ರಾತ್ರಿ ರೇಟು! ನಾನು ಹಾಸ್ಟೆಲ್‌ನಲ್ಲಿದ್ದಾಗ ಮೀಟರ್ ಓಡೋದನ್ನೇ ನೋಡ್ತಾ ಅಮ್ಮನ ಹತ್ತಿರ ಮಾತಾಡಿದ್ದು. ಏನು ಮಾತಾಡಿದೆ ಅಂತ ಆಮೇಲೆ ನೆನಪೇ ಇರ್ತಿರಲಿಲ್ಲ.

ಜೇನುಗೂಡು
ಚೆಂದದ ಕಥೆ. ಆದರೆ ವ್ಯತ್ಯಾಸ ನೋಡಿ ಬಸಣ್ಣ. ಕಿತ್ತೂರಿನ ಎಕ್ಸ್‌ಚೇಂಜ್ ನಿಮ್ಮ ಕಾಕಾ ಯಾರ ಹತ್ತಿರ ಎಷ್ಟು ದುಡ್ಡು ಇಸ್ಕೊಂಡರು ಅಂತ ಬರೆದಿಟ್ಟುಕೊಳ್ಳುತ್ತಿರಲಿಲ್ಲ.

ಬೈಲಹೊಂಗಲ ಬಸು
ಅದು ಖರೆ. 

ಸಾಕ್ಷಿ ಕಲ್ಲು
ಜೇನುಗೂಡು ಹೇಳಿದ್ದು ಮುಖ್ಯ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಯಾರ ಕೇಸಿನಲ್ಲಿ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ. ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋದದ್ದು 2012ರಲ್ಲಿ, 80 ದಾಟಿದ ವಯಸ್ಸಿನಲ್ಲಿ. ತೆರಿಗೆಯವರು ಮಾಹಿತಿ ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಕೇಳುವ ಅಧಿಕಾರ ಕಾನೂನಿನಲ್ಲಿ ಇದೆ. ಆದರೆ ಯಾವ ಅಂಗಡಿಯವರಿಗೂ ಕ್ಯೂಆರ್ ಅಂಟಿಸುವ ದಿನ "ಇದರ ಲೆಕ್ಕ ಇಂಥವರಿಗೆ ಹೋಗಬಹುದು" ಅಂತ ಯಾರೂ ಹೇಳಲಿಲ್ಲ. ಹೇಳಿದ್ದು "ಫ್ರೀ ಅಣ್ಣಾ, ಸೈನ್ ಹಾಕಿ" ಅಂತ.

ಫಿಲ್ಟರ್ ಕಾಫಿ
ಹೇಳಿದ್ದರೆ ಹಾಕಿಸಿಕೊಳ್ಳುತ್ತಿದ್ದರಾ?

ಸಾಕ್ಷಿ ಕಲ್ಲು
ಕೆಲವರು ಇಲ್ಲ. ಅದು ಅವರ ಇಷ್ಟ ಆಗಿರುತ್ತಿತ್ತು.

ಪಹಣಿ ಪರಮೇಶಿ
ಬರೆದಿಟ್ಟರೆ ಬಡವರಿಗೇ ಏಟು ಅಂತ ತೀರ್ಮಾನ ಮಾಡಬೇಡಿ. ಜಮೀನಿನ ದಾಖಲೆ ಕಂಪ್ಯೂಟರಿಗೆ ಹಾಕುವ ಭೂಮಿ ಯೋಜನೆ ಬರುವ ಮುಂಚೆ ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಪುಸ್ತಕ. ಅವರು ಸಿಗಬೇಕು, ಮನಸ್ಸು ಮಾಡಬೇಕು, ಕೈ ಬೆಚ್ಚಗಾಗಬೇಕು. ಕಂಪ್ಯೂಟರಿಗೆ ಸುಮಾರು 2 ಕೋಟಿ ಪಹಣಿ ಹತ್ತಿಸಿದ ಮೇಲೆ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗತೊಡಗಿತು. ಕೈಬರಹದ್ದು ನಡೆಯಲ್ಲ ಅಂತ ಸರ್ಕಾರ ಕಡ್ಡಾಯ ಮಾಡಿದ್ದಕ್ಕೇ ಅದು ನಿಂತಿತು. ಇಲ್ಲದಿದ್ದರೆ ಕಂಪ್ಯೂಟರ್ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿರುತ್ತಿತ್ತು.

ನಮ್ಮಪ್ಪ ಬೆಳೆಸಾಲಕ್ಕೆ ಆ ಹಾಳೆ ಹಿಡಿದುಕೊಂಡು ಸೊಸೈಟಿಗೆ ಹೋದದ್ದು ಇನ್ನೂ ನೆನಪಿದೆ. ಹಾಳೆ ಮಡಿಚಿರಲಿಲ್ಲ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿದ್ದರು.

ಗಡಿನಾಡು
ಕಿಟಕಿ ಹತ್ತಿರ ಈಗ ಎಷ್ಟು ಬ್ರೋಕರ್‌ಗಳು ನಿಂತಿರುತ್ತಾರೆ ಅಂತಲೂ ಹೇಳಿ. 🙂

ಪಹಣಿ ಪರಮೇಶಿ
ಅದಕ್ಕೆ ಬೇರೆ ಎಳೆ ಬೇಕು!

ಮುದ್ದೆಬಸ್ಸಾರು
ನನಗೊಂದು ಅನುಮಾನ. ಎಲ್ಲ ಫ್ರೀ ಅಂದರೆ ಈ ಕಂಪನಿಗಳು ಏನು ತಿಂದು ಬದುಕ್ತವೆ?

ಕೋಡುಬಳೆ
ಒಳ್ಳೇ ಪ್ರಶ್ನೆ. ಒಂದು, ಆ ಕೂಗುವ ಡಬ್ಬಿಯ ತಿಂಗಳ ಬಾಡಿಗೆ. ಎರಡು, ಅಂಗಡಿಯವರಿಗೆ ಸಾಲ ಕೊಡಿಸುವುದು. ಮೂರು, ಸರ್ಕಾರದ ಪ್ರೋತ್ಸಾಹಧನ. 2024-25ರಲ್ಲಿ ಸಣ್ಣ ಅಂಗಡಿಯಲ್ಲಿ 2,000ದವರೆಗಿನ ಪೇಮೆಂಟ್‌ಗೆ ನೂರಕ್ಕೆ 15 ಪೈಸೆ ಸರ್ಕಾರವೇ ಕಟ್ಟಿತು, ಅದನ್ನು ಬ್ಯಾಂಕು, ಆ್ಯಪ್‌ಗಳು ಹಂಚಿಕೊಂಡವು. ಅದಕ್ಕೆ ಇಟ್ಟಿದ್ದು 1,500 ಕೋಟಿ. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 2,000 ಕೋಟಿ ವಹಿವಾಟು ಆದವು. ರೂಪಾಯಿ ಅಲ್ಲ, ಸಲ. ಅಷ್ಟಕ್ಕೆ ಈ ದುಡ್ಡು ಯಾವ ಮೂಲೆಗೆ?

ಇದರ ಫಲ ಏನಾಯ್ತು ನೋಡಿ. ಸೊನ್ನೆ ಕಮಿಷನ್‌ನಲ್ಲಿ ಸಣ್ಣ ಕಂಪನಿ ಉಳಿಯೋದಿಲ್ಲ. ಜೇಬು ಆಳ ಇದ್ದವರು ಉಳಿದರು. ಈಗ ಎರಡೇ ಆ್ಯಪ್‌ಗಳ ಕೈಯಲ್ಲಿ ಯುಪಿಐ ವಹಿವಾಟಿನ ನೂರಕ್ಕೆ 80ರಷ್ಟು. ಒಬ್ಬರ ಪಾಲು 30% ದಾಟಬಾರದು ಅಂತ ಎನ್‌ಪಿಸಿಐ 2020ರಲ್ಲೇ ಹೇಳಿದೆ, ಗಡುವು ಮುಂದೆ ಹೋಗುತ್ತಾ ಹೋಗುತ್ತಾ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿದೆ. ನಾನು ಮೊದಲಿದ್ದ ಸ್ಟಾರ್ಟಪ್ ಮುಚ್ಚಿದ್ದು ಇದಕ್ಕೇ. ಹೆಸರು ಕೇಳಬೇಡಿ. ಮೂರು ವರ್ಷ ರಾತ್ರಿ ಹಗಲು ಕಟ್ಟಿದ್ದು, ಕೊನೆಗೆ ಕುರ್ಚಿ ಮಾರಿ ಸಂಬಳ ಕೊಟ್ಟರು. ಅಂಗಡಿಯವರಿಗೆ ವರವಾದದ್ದು ನಮಗೆ ಮುಳುವಾಯ್ತು.

ಫಿಲ್ಟರ್ ಕಾಫಿ
ಹಾಗಾದರೆ ಕಮಿಷನ್ ಹಾಕಲಿ ಅಂತೀರಾ?

ಕೋಡುಬಳೆ
ದೊಡ್ಡ ಮಾಲ್‌ಗಳಿಗೆ ಹಾಕಲಿ. ದಿಲ್‌ಪಸಂದ್ ಅಪ್ಪನಿಗೆ ಬೇಡ. ರಿಸರ್ವ್ ಬ್ಯಾಂಕ್ ಗವರ್ನರ್ ಕೂಡ ಯಾರಾದರೂ ಖರ್ಚು ಹೊರಲೇಬೇಕು ಅನ್ನೋ ಅರ್ಥದಲ್ಲಿ ಮಾತಾಡಿದ್ದಾರೆ. ಹಣಕಾಸು ಸಚಿವಾಲಯ ಸದ್ಯಕ್ಕೆ ಕಮಿಷನ್ ಇಲ್ಲ ಅಂದಿದೆ.

ಎಂಎ ಇಕನಾಮಿಕ್ಸ್
ಇದಕ್ಕೆಲ್ಲ ಸುಲಭ ದಾರಿ ಇದೆ. ಹೆಂಡತಿ ಹೆಸರಲ್ಲಿ ಒಂದು ಕ್ಯೂಆರ್, ಮಗನ ಹೆಸರಲ್ಲಿ ಒಂದು, ಅತ್ತೆ ಹೆಸರಲ್ಲಿ ಒಂದು. ದಿನಕ್ಕೊಂದು ಇಡಿ. ಯಾರದ್ದೂ 40 ಲಕ್ಷ ದಾಟಲ್ಲ. 😎

ಲೆಕ್ಕಿಗ
ಈ ಸಲಹೆ ಕೇಳಿದವರು ಕೊನೆಗೆ ನನ್ನ ಹತ್ತಿರವೇ ಬರುತ್ತಾರೆ, ಫೈಲ್ ಎರಡು ಪಟ್ಟು ದಪ್ಪ ಆದಮೇಲೆ. ದಯವಿಟ್ಟು ಮಾಡಬೇಡಿ. ನಾಳೆ ಅತ್ತೆಯವರಿಗೂ ನೋಟಿಸ್ ಬಂದರೆ ಜಿಎಸ್‌ಟಿಗಿಂತ ದೊಡ್ಡ ಸಮಸ್ಯೆ ಮನೆಯಲ್ಲೇ ಶುರುವಾಗುತ್ತದೆ.

ದಿಲ್‌ಪಸಂದ್ ಅವರಿಗೆ ನಾನು ಹೇಳೋದು ಇಷ್ಟು. ಮೊದಲು ಅಪ್ಪನ ಖಾತೆಯ ಸ್ಟೇಟ್‌ಮೆಂಟ್ ತೆಗೆಯಿರಿ. ವ್ಯಾಪಾರದ್ದು ಯಾವುದು, ಚೀಟಿ ದುಡ್ಡು ಯಾವುದು, ಕೈಸಾಲ ಯಾವುದು, ಬೇರೆ ಬೇರೆ ಗುರುತು ಮಾಡಿ. "ಅಣ್ಣಾ 500 ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ" ಅಂತ ಬರುವ ಗಿರಾಕಿಗಳ ದುಡ್ಡೂ ಅದರಲ್ಲಿ ಇರುತ್ತದೆ, ಅದು ವ್ಯಾಪಾರ ಅಲ್ಲ. ಮುಂದಕ್ಕೆ ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ. ಮಿತಿ ದಾಟುತ್ತಿದ್ದರೆ ಕಾಂಪೊಸಿಷನ್ ಸ್ಕೀಮ್ ಇದೆ, ಅಂದರೆ ವಹಿವಾಟಿನ ಮೇಲೆ ಒಂದು ಸಣ್ಣ ಶೇಕಡಾ ಕಟ್ಟುವ ಸುಲಭ ದಾರಿ. ವರ್ಷಕ್ಕೆ 1.5 ಕೋಟಿವರೆಗಿನವರಿಗೆ. ವ್ಯಾಪಾರಿಗೆ 1%, ಹೋಟೆಲ್ ಥರದವರಿಗೆ 5%. ಮೂರು ತಿಂಗಳಿಗೊಮ್ಮೆ ಕಟ್ಟೋದು. ಗಿರಾಕಿಯಿಂದ ತೆರಿಗೆ ಅಂತ ಬೇರೆ ವಸೂಲಿ ಮಾಡುವಂತಿಲ್ಲ, ಕೈಯಿಂದಲೇ ಹೋಗಬೇಕು. ಟೀ, ಬೇಕರಿ ಎರಡೂ ಇರುವಾಗ ಯಾವುದು ನಿಮಗೆ ಅನ್ವಯ ಅನ್ನೋದನ್ನ ಹತ್ತಿರದ ಯಾರಾದರೂ ತಿಳಿದವರಿಗೆ ಪುಸ್ತಕ ತೋರಿಸಿ ಕೇಳಿ. ಇಲ್ಲಿ ನನ್ನ ಮಾತು ನಂಬಿ ಫೈಲ್ ಮಾಡಬೇಡಿ.

ಇನ್ನೊಂದು. ಕ್ಯೂಆರ್ ತೆಗೆದರೆ ಮಿತಿ ಮಾಯ ಆಗೋದಿಲ್ಲ. ಕ್ಯಾಶ್‌ನಲ್ಲಿ ಬಂದ 40 ಲಕ್ಷವೂ 40 ಲಕ್ಷವೇ.

ಮುದ್ದೆಬಸ್ಸಾರು
ಕಾಣಿಸಲ್ಲ ಅಷ್ಟೇ.

ಲೆಕ್ಕಿಗ
ನಾನು ಕೇಳಿಸಿಕೊಳ್ಳಲಿಲ್ಲ.

ಮಲ್ಲಿಗೆ ಮೊಳ
ನನಗೆ ಅನ್ನಿಸೋದು ಸಿಗರೇಟು, ಹಾಲಿನ ಅಂಗಡಿಗೂ ಬೂಟೀಕ್‌ಗೂ ಒಂದೇ ಗೆರೆ ಎಳೆದಿರೋದೇ ಮೂಲ ತಪ್ಪು. ವಹಿವಾಟು ಯಾರಿಗೂ ಸರಿಯಾಗಿ ಕಾಣಿಸದ ಕಾಲದಲ್ಲಿ ಆ ಗೆರೆ ನಡೆಯಿತು. ಈಗ ಪ್ರತಿ ರೂಪಾಯಿಯೂ ಕಾಣುತ್ತೆ, ಗೆರೆ ಮಾತ್ರ ಹಳೇದು. 

ಫಿಲ್ಟರ್ ಕಾಫಿ
ಇದಕ್ಕೆ ನಾನೂ ಒಪ್ಪುತ್ತೇನೆ. ಬರೆದಿಟ್ಟುಕೊಳ್ಳಿ, ಮತ್ತೆ ಸಿಗಲ್ಲ.

ಹಳೇ ಟೈಪಿಸ್ಟ್
ಕ್ಯಾಶ್ ಕ್ಯಾಶ್ ಅನ್ನುವವರಿಗೆ ಒಂದು ಮಾತು. ಚಿಲ್ಲರೆ ಬದಲು ಚಾಕ್ಲೇಟ್ ಕೊಡುತ್ತಿದ್ದ ಕಾಲ ಮರೆತಿದ್ದೀರಿ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯುವಾಗ ನಾವು ಮರೆತು... ಆ ದುಡ್ಡೆಲ್ಲ ಕೂಡಿಸಿದ್ದರೆ ನಾನೂ ನೋಂದಣಿ ಮಾಡಿಸಬೇಕಾಗಿತ್ತು.

ದಿಲ್‌ಪಸಂದ್
ಎಲ್ಲರಿಗೂ ಥ್ಯಾಂಕ್ಸ್. ವಾರ ಬಿಟ್ಟು ಬಂದೆ, ಕ್ಷಮಿಸಿ.

ಲೆಕ್ಕಿಗ ಸರ್ ಹೇಳಿದ ಹಾಗೆ ಭಾನುವಾರ ಅಪ್ಪನ ಜೊತೆ ಸ್ಟೇಟ್‌ಮೆಂಟ್ ಇಟ್ಟುಕೊಂಡು ಕೂತೆ. ಅಪ್ಪ ಸಾಲು ಸಾಲಿಗೂ ಬೆರಳಿಟ್ಟು ಹೇಳಿದರು: ಇದು ಮೇಷ್ಟ್ರು ಹಾಲಿನ ತಿಂಗಳ ಲೆಕ್ಕ, ಇದು ನಿನ್ನ ಚಿಕ್ಕಪ್ಪ ವಾಪಸ್ ಕೊಟ್ಟಿದ್ದು, ಇದು ಪಿಜಿ ಹುಡುಗಿಗೆ ಆಸ್ಪತ್ರೆಗೆ ಅಂತ ರಾತ್ರಿ 2,000 ಕ್ಯಾಶ್ ಕೊಟ್ಟಿದ್ದೆ. ಮೂರು ವರ್ಷದ ಹಿಂದಿನದೂ ನೆನಪಿದೆ! ನಾನು ಎಕ್ಸೆಲ್ ತೆಗೆದಿದ್ದೆ, ಅಪ್ಪ ನೋಡಲೇ ಇಲ್ಲ.

ಎಲ್ಲ ಬಿಡಿಸಿದ ಮೇಲೂ ಟೀ ಸೇರಿ 20 ಲಕ್ಷ ದಾಟುತ್ತದೆ. ನಮ್ಮ ಏರಿಯಾದ ಪ್ರಾಕ್ಟೀಷನರ್ ಹತ್ತಿರ ಹೋಗಿ ಬಂದೆವು, ನೋಂದಣಿಗೆ ಕಾಗದ ಕೊಟ್ಟಿದ್ದೇವೆ. ಟೀ ನಿಲ್ಲಿಸಿದರೆ ಹೇಗೆ ಅಂತ ಅಪ್ಪ ಎರಡು ದಿನ ಯೋಚನೆ ಮಾಡಿದರು. ಟೀ ಕುಡಿಯೋಕೆ ಬಂದವರೇ ಪಫ್ಸ್ ತಿನ್ನೋದು ಅಂತ ಅಮ್ಮ ಅಂದಮೇಲೆ ಸುಮ್ಮನಾದರು.

ಕ್ಯೂಆರ್ ಸ್ಟ್ಯಾಂಡ್ ಹೊರಗೆ ಬಂದಿದೆ, ಆದರೆ ಖಾರಾ ಬಿಸ್ಕತ್ ಜಾಡಿಯ ಹಿಂದೆ ನಿಂತಿದೆ. ಕೇಳಿದವರಿಗೆ ಜಾಡಿ ಸರಿಸಿ ತೋರಿಸುತ್ತಾರೆ. ಕ್ಯಾಲೆಂಡರ್ ಹಾಳೆ ಹಾಗೇ ಇದೆ. ತೆಗಿ ಅಂದರೆ, "ಇರ್ಲಿ, ನೋಂದಣಿ ನಂಬರ್ ಬರ್ಲಿ" ಅಂತಾರೆ. ಡಬ್ಬಿ ಇನ್ನೂ ಆಫ್.

ಬೈಲಹೊಂಗಲ ಬಸು
ಡಬ್ಬಿನೂ ಹಚ್ರಿ. ಅದು ಕೂಗಲಿಲ್ಲಂದ್ರ ದುಡ್ಡು ಬಂದಂಗ ಅನಸಂಗಿಲ್ಲ.

ಕರಾವಳಿ ಕಡ್ಲೆ
ಅದೆಲ್ಲ ಇರ್ಲಿ, ಅಂಗಡಿ ಯಾವ ಏರಿಯಾ? ದಿಲ್‌ಪಸಂದ್ ಎಷ್ಟು ಹೊತ್ತಿಗೆ ಬಿಸಿ ಸಿಗ್ತದೆ?

ದಿಲ್‌ಪಸಂದ್
ಸಂಜೆ 4ಕ್ಕೆ. ಏರಿಯಾ ಮೆಸೇಜ್ ಮಾಡಿದ್ದೀನಿ.

ಮುದ್ದೆಬಸ್ಸಾರು
ನನಗೂ ಕಳಿಸಿ. ಚಿಲ್ಲರೆ ತರ್ತೀನಿ.